ಖರ್ಚಿನ ಲೆಕ್ಕ ಫೋನಿಗೆ ಬಿಡಬೇಕೆ?

ಕೈಖರ್ಚಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುವವನನ್ನು ಕಂಡರೆ ಮುಂಬಯಿಯ ನಮ್ಮ ಕಾಲೇಜು ಗೆಳೆಯರಿಗೆ ನಗು. ‘ಫೋನೇ ಎಲ್ಲ ಬರ್ಕೊಳ್ಳುತ್ತೆ, ನೀನ್ಯಾಕೋ ಗುಮಾಸ್ತನ ಕೆಲಸ ಮಾಡ್ತೀಯಾ?’ ಅಂತ ಕೇಳುತ್ತಾರೆ. ಕಾಮರ್ಸ್ ಓದುವವನಾದ ನಾನು ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಅಂಗಡಿಯ ಲೆಕ್ಕವನ್ನೂ ಕೈಯಲ್ಲೇ ಬರೆಯಿರಿ ಎಂದು ನಾನು ವಾದಿಸುವುದಿಲ್ಲ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಅದು ಆಗುವ ಮಾತೂ ಅಲ್ಲ. ಯಂತ್ರ ಕೂಡುವುದರಲ್ಲಿ ತಪ್ಪುವುದಿಲ್ಲ, ಬೇಸರಪಡುವುದಿಲ್ಲ. ಆದರೆ ಅಂಗಡಿಯ ಲೆಕ್ಕ ಪಾಲುದಾರನಿಗೆ, ಬ್ಯಾಂಕಿಗೆ, ತೆರಿಗೆಯವರಿಗೆ ತೋರಿಸಬೇಕಾದದ್ದು. ಕೈಖರ್ಚಿನ ಲೆಕ್ಕ ನಮಗೆ ನಾವೇ ಒಪ್ಪಿಸಬೇಕಾದದ್ದು. ಅದನ್ನೂ ಇನ್ನೊಬ್ಬರಿಗೆ ವಹಿಸಿಬಿಟ್ಟರೆ ಒಪ್ಪಿಸುವವರು ಯಾರು, ಕೇಳುವವರು ಯಾರು?

ಫೋನಿಗೆ ಏನು ಕಾಣುತ್ತದೆ ನೋಡೋಣ. ಖರ್ಚಿನ ಆ್ಯಪ್‌ಗಳಲ್ಲಿ ಹಲವು ಬ್ಯಾಂಕಿನ ಎಸ್‌ಎಂಎಸ್ ಓದಿ ಲೆಕ್ಕ ಹಾಕುತ್ತವೆ. ಎಷ್ಟು, ಯಾವಾಗ, ಯಾರ ಖಾತೆಗೆ ಅನ್ನುವುದು ಅವಕ್ಕೆ ಗೊತ್ತು. ಯಾತಕ್ಕೆ ಅನ್ನುವುದು ಗೊತ್ತಿಲ್ಲ. ವಡಾಪಾವ್ ಗಾಡಿಯವನ ಖಾತೆ ಅವನ ಸ್ವಂತ ಹೆಸರಿನಲ್ಲಿದ್ದರೆ, ನಾವು ತಿಂದದ್ದು ಯಾರಿಗೋ ಹಣ ಕಳಿಸಿದ ಹಾಗೆ ದಾಖಲಾಗಬಹುದು. ನಗದು ಕೊಟ್ಟರೆ ಅದೂ ಇಲ್ಲ. ಇನ್ನು 2022ರಲ್ಲಿ ಬಂದ ಯುಪಿಐ ಲೈಟ್. ಸಣ್ಣ ಮೊತ್ತಕ್ಕೆ ಪಿನ್ ಒತ್ತುವ ಶ್ರಮವೂ ಬೇಡ. ಅದಕ್ಕೆ ಒಮ್ಮೆ ತುಂಬಿಸಿದ ಹಣ ಮಾತ್ರ ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ. ಅಲ್ಲಿಂದ ಹೋದ ಕಟಿಂಗ್ ಚಹಾ, ಬಿಸ್ಕತ್ತು, ಶೇರ್ ರಿಕ್ಷಾ ಒಂದೊಂದಾಗಿ ಅಲ್ಲಿ ಕಾಣುವುದಿಲ್ಲ. ಪಾಸ್‌ಬುಕ್ಕಿಗೆ ಇದು ಅನುಕೂಲವೇ. ನಮಗೆ? ಹನಿಗೂಡಿದರೆ ಹಳ್ಳ ಅನ್ನೋ ಮಾತು ಸೋರಿಕೆಗೂ ಸಲ್ಲುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಬಾಬ್ತಿನದು. ಆ್ಯಪಿನಲ್ಲಿ ಫುಡ್, ಟ್ರಾವೆಲ್, ಶಾಪಿಂಗ್ ಅಂತ ಮೊದಲೇ ಬರೆದಿಟ್ಟಿರುತ್ತಾರೆ, ತಿಳಿಯದ್ದೆಲ್ಲ ‘ಅದರ್ಸ್’. ನಮ್ಮ ಊರುಗಳ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಬರೆಯಲು ಒಬ್ಬರು ಪುಸ್ತಕ ಹಿಡಿದು ಕೂರುವುದನ್ನು ನೀವೂ ನೋಡಿರಬಹುದು. ನಾಳೆ ಅವರ ಮನೆಯ ಮದುವೆಗೆ ತಿರುಗಿಸಬೇಕಲ್ಲ, ಅದಕ್ಕೆ. ಹಾಗಾದರೆ ನಾವು ಕೊಡುವ ಮುಯ್ಯಿ ಖರ್ಚೋ, ಹಳೆಯ ಸಾಲದ ತೀರುವಳಿಯೋ? ಇದಕ್ಕೆ ಉತ್ತರ ಆ ಪುಸ್ತಕದಲ್ಲಿದೆ, ಆ್ಯಪಿನಲ್ಲಿಲ್ಲ.

ನನ್ನ ಪುಸ್ತಕದಲ್ಲಿ ‘ಮುಲಾಜು’ ಅಂತ ಒಂದು ಬಾಬ್ತು ಇದೆ. ಹಸಿವಿಗೂ ಅಲ್ಲದೆ, ಆಸೆಗೂ ಅಲ್ಲದೆ, ನಾಲ್ಕು ಜನರ ಎದುರು ‘ನನ್ ಹತ್ರ ಇಲ್ಲ’ ಅನ್ನಲು ಬಾಯಿ ಬಾರದೆ ಹೋದ ಹಣ ಅದು. ಮನೆಯಿಂದ ಎಣಿಸಿ ತರುವ ವಿದ್ಯಾರ್ಥಿಗಳಿಗೆ ಇದು ಸಣ್ಣ ಬಾಬ್ತಲ್ಲ. ಫೋನು ಇದನ್ನು ‘ಫುಡ್’ ಅನ್ನುತ್ತದೆ, ತಿಂಗಳ ಕೊನೆಗೆ ‘ಫುಡ್ ಜಾಸ್ತಿಯಾಯ್ತು’ ಅಂತ ತೋರಿಸುತ್ತದೆ. ಅದನ್ನು ನಂಬಿದ ಹುಡುಗ ತನ್ನ ಮಧ್ಯಾಹ್ನದ ಊಟವನ್ನೇ ಕಡಿಮೆ ಮಾಡುತ್ತಾನೆ. ಮುಲಾಜು ಹಾಗೇ ಉಳಿಯುತ್ತದೆ. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ.

ಗಾಂಧೀಜಿ 1888ರಿಂದ 1891ರವರೆಗೆ ಲಂಡನ್ನಿನಲ್ಲಿ ಓದುತ್ತಿದ್ದಾಗ ಬಸ್ಸಿನ ಚಾರ್ಜು, ಅಂಚೆಚೀಟಿ, ಪತ್ರಿಕೆಗೆ ಕೊಟ್ಟ ಚಿಲ್ಲರೆ ಕಾಸು ಎಲ್ಲವನ್ನೂ ಬರೆದು, ಮಲಗುವ ಮುನ್ನ ಶಿಲ್ಕು ತೆಗೆಯುತ್ತಿದ್ದರೆಂದು ಆತ್ಮಕಥೆಯಲ್ಲಿ ಹೇಳಿದ್ದಾರೆ. ಪ್ರಯಾಣಕ್ಕೆ ಬಹಳ ಹೋಗುತ್ತಿದೆ ಎಂದು ಆ ಲೆಕ್ಕದಿಂದಲೇ ಕಂಡು, ಕೆಲಸದ ಜಾಗಕ್ಕೆ ನಡೆದೇ ಹೋಗಬಹುದಾದ ಕಡೆ ಕೋಣೆ ಹಿಡಿದರು. ಬರೆದದ್ದು ಬದುಕನ್ನು ತಿದ್ದಿತು.

ಈ ಶಿಲ್ಕು ಅನ್ನುವ ಮಾತು ನನಗೆ ಬಹಳ ಇಷ್ಟ. ಕನ್ನಡ ಶಾಲೆಯಲ್ಲಿ ಕಲಿತದ್ದು. ಕಾಲೇಜಿಗೆ ಬಂದ ಮೇಲೆ ಅದು ‘ಬ್ಯಾಲೆನ್ಸ್’ ಆಯಿತು. ಪುಸ್ತಕದ ಶಿಲ್ಕಿಗೂ ಕಿಸೆಯ ಶಿಲ್ಕಿಗೂ ತಾಳೆಯಾಗಬೇಕು. ಹತ್ತು ರೂಪಾಯಿ ಕಡಿಮೆ ಬಂತೆಂದರೆ, ಎಲ್ಲಿ ಹೋಯ್ತು ಅಂತ ಬೆಳಗಿನಿಂದ ನಡೆದದ್ದನ್ನೆಲ್ಲ ನೆನೆಯಬೇಕು. ಆ ಐದು ನಿಮಿಷದ ನೆನಪೇ ನಿಜವಾದ ಲೆಕ್ಕ. ಫೋನು ಉಳಿಸಿಕೊಡುವುದು ಸರಿಯಾಗಿ ಆ ಐದು ನಿಮಿಷವನ್ನು.

‘ಪುಸ್ತಕ ಕಳೆದುಹೋದ್ರೆ?’ ಅನ್ನುವವರಿಗೆ ಒಂದು ಮಾತು. ಅಮೆರಿಕದಲ್ಲಿ ಲಕ್ಷಾಂತರ ಜನ ಬಳಸುತ್ತಿದ್ದ ‘ಮಿಂಟ್’ ಎಂಬ ಖರ್ಚಿನ ಆ್ಯಪನ್ನು ಅದರ ಒಡೆತನದ ಕಂಪನಿಯೇ 2024ರಲ್ಲಿ ಮುಚ್ಚಿತು. ಪುಸ್ತಕ ಕಳೆದರೆ ನಮ್ಮ ಕೈಯಿಂದ ಕಳೆಯುತ್ತದೆ. ಬೇರೆಯವರು ಸಭೆ ಕೂಡಿ ಅದನ್ನು ಮುಚ್ಚುವುದಿಲ್ಲ.

ಮಿತ್ರರೇ, ಒಂದು ತಿಂಗಳು ಬರೆದು ನೋಡಿ. ದಿನಾಂಕ, ಬಾಬ್ತು, ಮೊತ್ತ ಅಂತ ಮೂರು ಕಲಮು ಸಾಕು. ಬಾಬ್ತಿನ ಹೆಸರು ಮಾತ್ರ ನೀವೇ ಇಡಿ, ನಿಮ್ಮ ಮನೆಮಾತಿನಲ್ಲೇ ಇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು ಹಿರಿಯರು. ಹಾಸಿಗೆಯ ಉದ್ದವನ್ನು ಫೋನು ಬೇಕಾದರೆ ಅಳೆದುಕೊಡಲಿ. ಕಾಲು ನಮ್ಮದು, ಚಾಚುವವರೂ ನಾವೇ.