ಶೋಕ ಸಂಚಾರಿಯಾಗದಿರಲಿ

2021ರ ಜೂನ್ 12ರ ರಾತ್ರಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಬೈಕ್ ಅಪಘಾತವೊಂದು ಸಂಭವಿಸಿತು. ಗೆಳೆಯನ ಬೈಕಿನ ಹಿಂಬದಿಯಲ್ಲಿ ಕುಳಿತಿದ್ದ ನಟ ಸಂಚಾರಿ ವಿಜಯ್ ತಲೆಗೆ ತೀವ್ರ ಪೆಟ್ಟಾಯಿತು. ಎರಡು ದಿನ ಕಾದ ನಾಡಿಗೆ ಕೊನೆಗೆ ಸಿಕ್ಕಿದ್ದು ಮಿದುಳು ಚೇತರಿಸಿಕೊಳ್ಳುವ ಆಸೆ ಇಲ್ಲವೆಂಬ ವೈದ್ಯರ ಮಾತು. ಕುಟುಂಬದವರು ಆ ದುಃಖದಲ್ಲೂ ಅಂಗಾಂಗ ದಾನಕ್ಕೆ ಒಪ್ಪಿದರು. ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಸಕಲ ಸರ್ಕಾರಿ ಗೌರವಗಳೊಂದಿಗೆ ಅಂತ್ಯಕ್ರಿಯೆ ನಡೆಯಿತು. ಅವರಿಗಿನ್ನೂ ನಲವತ್ತು ತುಂಬಿರಲಿಲ್ಲ.

ಆ ವಾರವಿಡೀ ಟೀವಿಯಲ್ಲಿ, ಮೊಬೈಲಿನಲ್ಲಿ ಅವರ ಚಿತ್ರಗಳ ತುಣುಕುಗಳೇ ಹರಿದಾಡಿದವು. ‘ಎಂಥ ನಟನನ್ನು ಕಳೆದುಕೊಂಡೆವು’ ಎಂದು ಎಲ್ಲರೂ ಮರುಗಿದರು. ನಾನೂ ಮರುಗಿದೆ. ಆದರೆ ಮರುಗುತ್ತಿದ್ದ ಹೊತ್ತಿನಲ್ಲೇ ಅಹಿತಕರವಾದ ಪ್ರಶ್ನೆಯೊಂದು ಎದುರಾಯಿತು. ಈ ನಟನ ಎಷ್ಟು ಚಿತ್ರಗಳನ್ನು ನಾನು ಟಿಕೆಟ್ ಕೊಂಡು ಚಿತ್ರಮಂದಿರದಲ್ಲಿ ನೋಡಿದ್ದೇನೆ? ಪ್ರಾಮಾಣಿಕ ಉತ್ತರ: ಒಂದೇ ಒಂದು. ಅದೂ ರಾಷ್ಟ್ರಪ್ರಶಸ್ತಿ ಬಂದ ಮೇಲೆ.

ಆ ಚಿತ್ರ ಬಿ.ಎಸ್. ಲಿಂಗದೇವರು ನಿರ್ದೇಶನದ ‘ನಾನು ಅವನಲ್ಲ ಅವಳು’. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ಮಾದೇಶ ಎಂಬ ಹುಡುಗ ವಿದ್ಯಾ ಎಂಬ ಹೆಣ್ಣಾಗುತ್ತಾನೆ. ನಮ್ಮ ಸಿನಿಮಾಗಳು ದಶಕಗಳ ಕಾಲ ಇಂಥ ಪಾತ್ರಗಳನ್ನು ನಗೆಪಾಟಲಿಗಷ್ಟೇ ಬಳಸಿಕೊಂಡಿದ್ದವು. ಅದೇ ಬಳುಕು, ಅದೇ ಚಪ್ಪಾಳೆ, ಅದೇ ಕೀರಲು ದನಿ. ವಿಜಯ್ ಈ ಸಿದ್ಧಸೂತ್ರದ ಹತ್ತಿರಕ್ಕೂ ಸುಳಿಯಲಿಲ್ಲ. ತನ್ನದಲ್ಲದ ದೇಹವೊಂದರಲ್ಲಿ ಸಿಕ್ಕಿಬಿದ್ದ ಜೀವದ ಮುಜುಗರ, ಭಯ, ಕೊನೆಗೊಮ್ಮೆ ತಾನು ತಾನಾದಾಗಿನ ಹಗುರ ಇವೆಲ್ಲವನ್ನೂ ಅವರು ಕಣ್ಣಲ್ಲಿ, ಹೆಗಲಲ್ಲಿ, ನಿಲ್ಲುವ ಭಂಗಿಯಲ್ಲಿ ತೋರಿದರು. ನಾನು ನೋಡಿದ ಮಧ್ಯಾಹ್ನದ ಪ್ರದರ್ಶನದಲ್ಲಿ ಸಾಲಿಗಿಬ್ಬರೂ ಇರಲಿಲ್ಲ. ಮೊದಲರ್ಧದಲ್ಲಿ ಹಿಂದಿನಿಂದ ಒಂದೆರಡು ನಗು ಕೇಳಿಬಂದಿತ್ತು. ದ್ವಿತೀಯಾರ್ಧದಲ್ಲಿ ಯಾರೂ ನಗಲಿಲ್ಲ. ನಟನೊಬ್ಬನ ಸಾಮರ್ಥ್ಯಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆಂದು ನನಗನಿಸುವುದಿಲ್ಲ.

ಅದೇ ವರ್ಷದ ಇನ್ನೊಂದು ಚಿತ್ರ ‘ಹರಿವು’. ಆಸ್ಪತ್ರೆಯಲ್ಲಿ ಮಗನನ್ನು ಕಳೆದುಕೊಂಡ ಬಡ ರೈತ, ಶವ ಸಾಗಿಸಲು ಹಣವಿಲ್ಲದೆ, ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಹೊರಡುತ್ತಾನೆ. ವೈದ್ಯೆಯೊಬ್ಬರು ಪತ್ರಿಕೆಯಲ್ಲಿ ಬರೆದ ನಿಜ ಘಟನೆಯೇ ಇದಕ್ಕೆ ಮೂಲ. ಆ ತಂದೆಯ ಪಾತ್ರದಲ್ಲಿ ವಿಜಯ್ ಬಿಕ್ಕಿ ಅಳಬಹುದಿತ್ತು. ಪ್ರೇಕ್ಷಕರೂ ಅತ್ತು ಹಗುರಾಗುತ್ತಿದ್ದರು. ಆದರೆ ಪಕ್ಕದವರಿಗೆ ಗುಟ್ಟು ಗೊತ್ತಾಗಬಾರದೆಂದು ದುಃಖವನ್ನು ನುಂಗಿಕೊಂಡು ಕುಳಿತವನು ಅಳುವುದಾದರೂ ಹೇಗೆ? ಆ ಅಳಲಾಗದ ಸ್ಥಿತಿಯನ್ನೇ ಅವರು ಅಭಿನಯಿಸಿದರು. 2015ರ ಮಾರ್ಚ್‌ನಲ್ಲಿ 62ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದಾಗ ‘ಹರಿವು’ ಅತ್ಯುತ್ತಮ ಕನ್ನಡ ಚಿತ್ರವಾಗಿತ್ತು. ‘ನಾನು ಅವನಲ್ಲ ಅವಳು’ ಚಿತ್ರಕ್ಕಾಗಿ ವಿಜಯ್ ದೇಶದ ಅತ್ಯುತ್ತಮ ನಟರಾಗಿದ್ದರು.

ಕನ್ನಡ ಚಿತ್ರದ ಅಭಿನಯಕ್ಕೆ ಆ ಪ್ರಶಸ್ತಿ ಸಂದದ್ದು ಅದು ಮೂರನೆಯ ಬಾರಿ. ‘ಚೋಮನ ದುಡಿ’ಯ ಎಂ.ವಿ. ವಾಸುದೇವರಾವ್ ಮೊದಲಿಗರು, ‘ತಬರನ ಕಥೆ’ಯ ಚಾರುಹಾಸನ್ ಎರಡನೆಯವರು. ತುಂಡು ಭೂಮಿಗಾಗಿ ಹಂಬಲಿಸಿದ ಚೋಮ, ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ತಬರ, ಹೆಣ್ಣೆಂದು ಕರೆಸಿಕೊಳ್ಳಲು ಎಲ್ಲವನ್ನೂ ತೊರೆದ ವಿದ್ಯಾ. ಮೂವರೂ ಸಮಾಜ ತನ್ನ ಜಗುಲಿಯಿಂದ ಆಚೆ ನಿಲ್ಲಿಸಿದವರು. ಅವರನ್ನು ಅಭಿನಯಿಸಿದ ಮೂವರಲ್ಲಿ ಒಬ್ಬರೂ ಚಿತ್ರರಂಗದ ಭಾಷೆಯಲ್ಲಿ ‘ಸ್ಟಾರ್’ ಆಗಿರಲಿಲ್ಲ. 2022ರ ‘ಕಾಂತಾರ’ಕ್ಕಾಗಿ ರಿಷಬ್ ಶೆಟ್ಟಿ ನಾಲ್ಕನೆಯವರಾದಾಗ ಮಾತ್ರ ಪ್ರಶಸ್ತಿಯೂ ಮಾರುಕಟ್ಟೆಯೂ ಜೊತೆಯಾಗಿ ಬಂದವು. ಅದು ಸಂತೋಷದ ಸಂಗತಿಯೇ. ಆದರೆ ವಿಜಯ್ ಅವರಿಗೆ ಆ ಜೊತೆ ಸಿಗಲಿಲ್ಲ. ಪ್ರಶಸ್ತಿಯ ನಂತರವೂ ಅವರು ‘ನಾತಿಚರಾಮಿ’, ‘ಆ್ಯಕ್ಟ್ 1978’ರಂಥ ಚಿತ್ರಗಳಲ್ಲಿ ನಟಿಸುತ್ತಲೇ ಇದ್ದರು. ನಾವು ‘ಆಮೇಲೆ ಮನೆಯಲ್ಲೇ ನೋಡೋಣ’ ಎನ್ನುತ್ತಲೇ ಇದ್ದೆವು.

ಸಿನಿಮಾ ಒಂದು ಉದ್ಯಮ, ಯಾವ ಚಿತ್ರ ನೋಡಬೇಕೆಂದು ಪ್ರೇಕ್ಷಕನಿಗೆ ಅಪ್ಪಣೆ ಮಾಡಲಾಗದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಪ್ರೇಕ್ಷಕನಿಗೆ ಆಯ್ಕೆಯಾದರೂ ಇರಬೇಕಲ್ಲವೆ? ಸಣ್ಣ ಚಿತ್ರಕ್ಕೆ ಸಿಗುವುದು ಯಾರಿಗೂ ಅನುಕೂಲವಲ್ಲದ ಹೊತ್ತಿನ ಒಂದೆರಡು ಪ್ರದರ್ಶನ. ಸುದ್ದಿ ಬಾಯಿಂದ ಬಾಯಿಗೆ ಹರಡುವಷ್ಟರಲ್ಲಿ ಚಿತ್ರ ಎತ್ತಂಗಡಿಯಾಗಿರುತ್ತದೆ. ಸರ್ಕಾರದ ಸಹಾಯಧನದಿಂದ ಚಿತ್ರ ತಯಾರಾಗಬಹುದು, ಜನರನ್ನು ತಲುಪುವುದಿಲ್ಲ. ಜಿಲ್ಲಾ ಕೇಂದ್ರಗಳ ರಂಗಮಂದಿರಗಳಲ್ಲಿ ವಾರಕ್ಕೊಂದು ಸಂಜೆ ಇಂಥ ಚಿತ್ರಗಳಿಗೆಂದೇ ಮೀಸಲಿಟ್ಟರೆ ಆಗುವ ಖರ್ಚು ಎಷ್ಟು? ಅಂತ್ಯಕ್ರಿಯೆಯಲ್ಲಿ ಗೌರವ ಸಲ್ಲಿಸುವ ಸರ್ಕಾರ ಕಲಾವಿದ ಬದುಕಿರುವಾಗ ಇಷ್ಟನ್ನು ಮಾಡಿದರೆ ಅದು ದೊಡ್ಡ ಗೌರವವಾದೀತು.

ಮಾಡಬಹುದಾಗಿದ್ದ ಸಣ್ಣ ಕೆಲಸವೊಂದನ್ನು ಮಾಡದೆ ಆಮೇಲೆ ಕಣ್ಣೀರು ಹಾಕುವ ನಮ್ಮ ಚಾಳಿ ಚಿತ್ರಮಂದಿರಕ್ಕೆ ಮಾತ್ರ ಸೀಮಿತವಲ್ಲ. ಅಂದು ವಿಜಯ್ ಹೆಲ್ಮೆಟ್ ಧರಿಸಿರಲಿಲ್ಲವೆಂದು ವರದಿಯಾಯಿತು. ಇದನ್ನು ಹೇಳುವುದು ಅಗಲಿದವರನ್ನು ದೂರಲಿಕ್ಕಲ್ಲ. ಕೋವಿಡ್ ಎರಡನೇ ಅಲೆಯಲ್ಲಿ ಸ್ವಯಂಸೇವಕರ ಜೊತೆಗೂಡಿ ರೋಗಿಗಳಿಗೆ ಆಮ್ಲಜನಕ ತಲುಪಿಸಲು ಓಡಾಡಿದ ಜೀವ ಅದು. ಬೇರೆಯವರ ಉಸಿರಿಗಾಗಿ ಅಷ್ಟು ಎಚ್ಚರ ವಹಿಸಿದ ಮನುಷ್ಯನೂ ತನ್ನ ವಿಷಯದಲ್ಲಿ ‘ಇಲ್ಲೇ ಹತ್ತಿರ ತಾನೆ’ ಎಂದುಕೊಳ್ಳಬಹುದು ಎಂಬುದೇ ನಮಗೆ ಪಾಠ. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂಬ ನಿಯಮ ಕರ್ನಾಟಕದಲ್ಲಿ 2016ರ ಜನವರಿಯಿಂದಲೇ ಜಾರಿಯಲ್ಲಿದೆ. ಆದರೂ ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2021ರಲ್ಲಿ ಹೆಲ್ಮೆಟ್ ಇಲ್ಲದೆ ದೇಶದಲ್ಲಿ ಸತ್ತವರು 46,593 ಮಂದಿ. ಅವರಲ್ಲಿ 13,716 ಮಂದಿ ಹಿಂದೆ ಕುಳಿತವರು. ಅವರ ಹೆಸರುಗಳು ನಮಗೆ ಗೊತ್ತಿಲ್ಲ. ನಮಗೆ ಗೊತ್ತಿರುವುದು ಒಂದು ಹೆಸರು. ಆ ಹೆಸರಾದರೂ ನಮ್ಮನ್ನು ಎಚ್ಚರಿಸಬಾರದೆ?

ಅವರು ತಮ್ಮ ಹೆಸರಿಗೆ ‘ಸಂಚಾರಿ’ಯನ್ನು ಸೇರಿಸಿಕೊಂಡದ್ದು ತಮ್ಮನ್ನು ಬೆಳೆಸಿದ ರಂಗತಂಡದಿಂದ. ನಾಟ್ಯಶಾಸ್ತ್ರದಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವಿದೆ. ಬಂದು ಹೋಗುವ ಭಾವಗಳು ಸಂಚಾರಿ, ನೆಲೆನಿಲ್ಲುವವು ಸ್ಥಾಯಿ. ಶೋಕವನ್ನು ಭರತ ಸ್ಥಾಯಿಭಾವಗಳ ಸಾಲಿನಲ್ಲಿಟ್ಟ, ಕರುಣರಸ ಹುಟ್ಟುವುದೇ ಅದರಿಂದ. ನಮ್ಮ ಕಾಲದ ಶೋಕವಾದರೋ ಸುದ್ದಿಯ ಜೊತೆ ಬಂದು ಸುದ್ದಿಯ ಜೊತೆಗೇ ಹೋಗಿಬಿಡುತ್ತದೆ.

ವಿಜಯ್ ಅಗಲಿದ ಮೇಲೆ ತೆರೆಗೆ ಬಂದ ಚಿತ್ರಗಳಲ್ಲಿ ಮರಗಳನ್ನು ಜೀವದಂತೆ ಪ್ರೀತಿಸುವ ಯುವಕನ ಕಥೆಯಾದ ‘ತಲೆದಂಡ’ವೂ ಒಂದು. ಪರಿಸರ ಸಂರಕ್ಷಣೆ ಕುರಿತ ಅತ್ಯುತ್ತಮ ಚಿತ್ರವೆಂದು ಅದಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಆ ಹೊತ್ತಿಗೆ ಅಭಿನಂದಿಸಲು ನಟ ಇರಲಿಲ್ಲ. ಅಂಥ ಇನ್ನೊಬ್ಬ ನಟ ಈ ವಾರವೂ ಯಾವುದೋ ಚಿತ್ರಮಂದಿರದ ಖಾಲಿ ಸಾಲುಗಳೆದುರು ತೆರೆಯ ಮೇಲೆ ಬರುತ್ತಿರಬಹುದು. ಹೋಗಿ ನೋಡೋಣ. ಹೋಗುವಾಗ, ಎಷ್ಟೇ ಹತ್ತಿರವಿದ್ದರೂ, ಹಿಂದೆ ಕುಳಿತವರ ಕೈಗೂ ಒಂದು ಹೆಲ್ಮೆಟ್ ಕೊಡೋಣ.