ನಿಮ್ಮ ಮೀಟರ್ ಹೇಳೋದು ನಿಜಾನಾ?

ನಮ್ಮ ಮಿನಿ ಪ್ರಾಜೆಕ್ಟ್ ಹೈಡ್ರೋಪೋನಿಕ್ಸ್. ಮಣ್ಣಿಲ್ಲದೆ, ಪೈಪಿನಲ್ಲಿ ಗೊಬ್ಬರದ ನೀರು ಹರಿಸಿ ಪಾಲಕ್ ಬೆಳೆಸೋದು. ಗುಂಪಿನಲ್ಲಿ ಮೂರು ಜನ, ಮೂರು ತಾಲ್ಲೂಕು: ಆಳಂದ, ಅಫಜಲಪುರ, ಜೇವರ್ಗಿ. ಮೂವರೂ ಆನ್‌ಲೈನಲ್ಲಿ ಒಂದೊಂದು ಇಸಿ ಮೀಟರ್ ತರಿಸಿದ್ವಿ. ನೀರಿನಲ್ಲಿ ಲವಣ ಹೆಚ್ಚು ಕರಗಿದಷ್ಟೂ ವಿದ್ಯುತ್ ಸುಲಭವಾಗಿ ಹರಿಯುತ್ತೆ. ಈ ಮೀಟರ್ ಅಳೆಯೋದು ಅದನ್ನೇ.

ಒಂದು ಮಧ್ಯಾಹ್ನ ಮೂರನ್ನೂ ಒಂದೇ ಬಕೆಟ್ಟಿಗೆ ಅದ್ದಿದ್ವಿ. ಒಂದು 1.5 ಅಂತು, ಇನ್ನೊಂದು 1.9, ಮತ್ತೊಂದು 2.4. ನಕ್ಕು, ನಡುವಿನದನ್ನು ಬರ್ಕೊಂಡ್ವಿ. ಡೆಮೊ ಚೆನ್ನಾಗೇ ಆಯ್ತು. ಮೊಬೈಲಲ್ಲಿ ಗ್ರಾಫ್ ಓಡ್ತಿತ್ತು. ಮೀಟರ್ ಸರಿ ಇದೆಯಾ ಅಂತ ಯಾರೂ ಕೇಳಲಿಲ್ಲ, ನಾವೂ ಕೇಳ್ಕೊಳ್ಳಲಿಲ್ಲ.

ರಜೆಗೆ ಮೂವರೂ ಅಫಜಲಪುರದ ಗೆಳೆಯನ ಊರಿಗೆ ಹೋದ್ವಿ. ತಾಲ್ಲೂಕಿನಲ್ಲಿ ಭೀಮಾ ನದಿ ಹರಿಯುತ್ತೆ, ಆದರೆ ಅವನ ಕಾಕಾನ ಹೊಲಕ್ಕೆ ಬೋರಿನ ನೀರೇ ಗತಿ. ಕಾಕಾ ಅರ್ಧ ಎಕರೆ ಟಮಾಟಿ ಹಾಕಬೇಕಂತಿದ್ರು. "ಇಂಜಿನಿಯರ್ ಆಗ್ಲಿಕತ್ತೀರಿ, ನೋಡಿ ಹೇಳ್ರಪಾ. ಈ ನೀರಿಗಿ ಟಮಾಟಿ ನಡೀತದೇನು?" ಕಾಕಿ ಒಂದು ಗುಟುಕು ಬಾಯಿಗೆ ಹಾಕ್ಕೊಂಡು ಉಗುಳಿ, "ಸವಳ ಅದ" ಅಂದ್ರು. ನಮಗೆ ಸವಳು ಅನ್ನೋ ಪದವೇ ಹೊಸದು. ಸ್ಕೂಲಲ್ಲಿ ಕಲಿತಿದ್ದು ಸಲೈನಿಟಿ. ಮೀಟರ್ ಅದ್ದಿದ್ವಿ, 2.3 ಬಂತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ತಂದ ಕೈಪಿಡಿಯ ಪಟ್ಟಿ ಮೊಬೈಲಲ್ಲಿತ್ತು. ಅದರ ಪ್ರಕಾರ 2.3ರ ನೀರಿಗೆ ಟೊಮ್ಯಾಟೊ ಇಳುವರಿ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗುತ್ತೆ. "ನಡೀತದ ಕಾಕಾ" ಅಂದ್ವಿ.

ಎರಡು ತಿಂಗಳಿಗೆ ಎಲೆ ಅಂಚು ಸುಟ್ಟ ಫೋಟೋಗಳು ಬಂದವು. ನೀರನ್ನು ಲ್ಯಾಬಿಗೆ ಕಳಿಸಿದಾಗ ಬಂದ ಅಂಕಿ 3.1. ಅದೇ ಪಟ್ಟಿಯಲ್ಲಿ 3.4ಕ್ಕೆ ಇಳುವರಿಯ ಕಾಲು ಭಾಗ ಹೋಗುತ್ತೆ. ಕಾಕಾ ಅದರ ಹತ್ತಿರವೇ ಇದ್ರು. ಬೆಳೆ ಕೆಡೋಕೆ ಮೀಟರ್ ಒಂದೇ ಕಾರಣ ಅಂತ ನಾವು ಹೇಳಲ್ಲ. ಆದರೆ "ನಡೀತದ" ಅಂದೋರು ನಾವೇ. ಕಾಕಾ ಬೈಯಲಿಲ್ಲ, ಅದೇ ಜಾಸ್ತಿ ಬೇಜಾರಾಯ್ತು.

ಕಾಲೇಜಿಗೆ ಬಂದ್ಮೇಲೆ ಕೆಮಿಸ್ಟ್ರಿ ಲ್ಯಾಬಿಗೆ ಹೋದ್ವಿ. ಒಣಗಿಸಿದ ಪೊಟ್ಯಾಸಿಯಂ ಕ್ಲೋರೈಡ್ 0.746 ಗ್ರಾಂ ತೂಗಿ, ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿದರೆ, 25 ಡಿಗ್ರಿಯಲ್ಲಿ ಅದರ ಇಸಿ 1.413 ಮಿಲಿಸೀಮೆನ್ಸ್ ಇರಲೇಬೇಕು. ಊರಿಗೆ ಒಯ್ದಿದ್ದ ಮೀಟರ್ 1.06 ಅಂತು. ಎಲೆಕ್ಟ್ರೋಡ್ ಮೇಲೆ ಬಿಳಿ ಪದರ ಕಟ್ಟಿತ್ತು. ಬಕೆಟ್ಟಿನಲ್ಲಿ 2.4 ತೋರಿಸಿದ್ದಕ್ಕೆ ಬೇರೆ ರೋಗ: ತಾಪಮಾನದ ಲೆಕ್ಕವೇ ಇಲ್ಲ. ಪ್ರತಿ ಡಿಗ್ರಿಗೆ ಇಸಿ ಸುಮಾರು ಶೇ. 2 ಏರುತ್ತೆ. ನಮ್ಮ ಕಡೆ ಬೇಸಿಗೆಯಲ್ಲಿ ಟ್ಯಾಂಕಿನ ನೀರು ಹೇಗೆ ಕಾಯುತ್ತೆ ಗೊತ್ತಲ್ಲ? 25 ಡಿಗ್ರಿಯಲ್ಲಿ 2.0 ಇರೋ ನೀರು 35 ಡಿಗ್ರಿಗೆ 2.4 ಅನ್ನುತ್ತೆ.

ಪಿಪಿಎಂ ತೋರಿಸುವ ಮೀಟರುಗಳದ್ದು ಇನ್ನೊಂದು ಗೊಂದಲ. ಇಸಿ 2.0 ಇದ್ದರೆ ಕೆಲವು ಮೀಟರ್ 500ರಿಂದ ಗುಣಿಸಿ 1000 ಅನ್ನುತ್ತವೆ, ಕೆಲವು 700ರಿಂದ ಗುಣಿಸಿ 1400 ಅನ್ನುತ್ತವೆ. ಒಂದರ ಚಾರ್ಟ್, ಇನ್ನೊಂದರ ಮೀಟರ್ ಹಿಡ್ಕೊಂಡ್ರೆ ಗಿಡದ ಗತಿ ಮುಗೀತು. ಪಿಪಿಎಂ ಬಿಡಿ, ಇಸಿಯಲ್ಲೇ ಬರೀರಿ.

ಕ್ಯಾಲಿಬ್ರೇಶನ್ ಮಾಡೋಕೆ ಹತ್ತು ನಿಮಿಷ ಸಾಕು. ಎಲೆಕ್ಟ್ರೋಡ್ ತೊಳೀರಿ. ದ್ರಾವಣವನ್ನು ಚಿಕ್ಕ ಕಪ್ಪಿಗೆ ಸುರ್ಕೊಳ್ಳಿ, ಬಾಟಲಿಗೇ ಮೀಟರ್ ಅದ್ದಬೇಡಿ. ಎರಡೂ ಒಂದೇ ತಾಪಮಾನಕ್ಕೆ ಬರೋವರೆಗೆ ಕಾಯಿರಿ. ಆಮೇಲೆ 1.41ಕ್ಕೆ ಹೊಂದಿಸಿ. ಕಪ್ಪಿನಲ್ಲಿದ್ದದ್ದನ್ನು ಚೆಲ್ಲಿ, ವಾಪಸ್ ಹಾಕಬೇಡಿ.

"ಮಿನಿ ಪ್ರಾಜೆಕ್ಟಿಗೆ ಇಷ್ಟೆಲ್ಲ ಯಾಕೆ, ರೈತರಿಗೆ ಲ್ಯಾಬ್ ಇದೆಯಲ್ಲ" ಅಂತ ಕ್ಲಾಸಿನಲ್ಲಿ ಕೆಲವರು ಅಂದ್ರು. ಲ್ಯಾಬ್ ಇದೆ ನಿಜ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ಇಸಿಯೂ ಒಂದು. ಆದರೆ ಮನೆಯವರು ಮೊದಲು ಕೇಳೋದು ಮನೆಯ ಇಂಜಿನಿಯರನ್ನ. ನಾವು ಉತ್ತರ ಕೊಡ್ತೀವಿ ಅಂದ್ಮೇಲೆ ಅಂಕಿ ಸರಿ ಇರಬೇಕಲ್ವಾ? ಜೇವರ್ಗಿಯ ಕಾಲುವೆ ನೀರಿರಲಿ, ಆಳಂದದ ಬಾವಿಯದ್ದಿರಲಿ, ಎಲ್ಲಾ ಕಡೆ ಇದೇ ಮಾತು. ಸರಿಯಾದ ಇಸಿಯೂ ಒಟ್ಟು ಲವಣ ಎಷ್ಟು ಅಂತ ಹೇಳುತ್ತೆ ಅಷ್ಟೇ. ಅದರಲ್ಲಿ ಸೋಡಿಯಂ ಎಷ್ಟು ಅನ್ನೋದಕ್ಕೆ ಲ್ಯಾಬೇ ಬೇಕು. ಅದನ್ನೂ ಮನೆಯಲ್ಲಿ ಹೇಳಿ.

ನಮ್ಮ ಕೇಳಿಕೆ ಎರಡು. ಒಂದು, ಸೆನ್ಸರ್ ಇರೋ ಪ್ರತಿ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಕ್ಯಾಲಿಬ್ರೇಶನ್‌ಗೆ ಒಂದು ಪುಟ ಕಡ್ಡಾಯ ಆಗಲಿ, ಆ ಪುಟಕ್ಕೆ ಮಾರ್ಕ್ಸ್ ಇರಲಿ. ಈಗ ಮಾರ್ಕ್ಸ್ ಎಲ್ಲಾ ಆ್ಯಪಿಗೇ ಹೋಗ್ತಿದೆ. ಎರಡು, ತಿಂಗಳಿಗೊಂದು ಶನಿವಾರ ಕೆಮಿಸ್ಟ್ರಿ ಲ್ಯಾಬ್ ಒಂದು ತಾಸು ತೆರೆದಿರಲಿ. ಯಾರು ಬೇಕಾದರೂ ಮೀಟರ್ ತಂದು ಸರಿ ಮಾಡ್ಕೊಂಡು ಹೋಗಲಿ. ದ್ರಾವಣ ನಾವು ಮೂವರೇ ಮಾಡಿಡ್ತೀವಿ.

ಮುಂದಿನ ರಜೆಗೆ ಮತ್ತೆ ಅಫಜಲಪುರಕ್ಕೆ ಹೋಗ್ತಿದ್ದೀವಿ. ಈ ಸಲ ಮೀಟರ್ ಜೊತೆ 1.413ರ ಬಾಟಲಿಯೂ ಇರುತ್ತೆ. ಮೊದಲು ಕಾಕಿ ನೀರು ಕುಡಿದು ಹೇಳಲಿ, ಆಮೇಲೆ ನಾವು ಹೇಳ್ತೀವಿ.