22 ವರ್ಷ ಬೀಗ ಹಾಕಿಟ್ಟಿದ್ದ ರಾತ್ರಿ!

ಲೈವ್ ರೆಕಾರ್ಡ್ ಅಂದ್ರೆ ನನಗೆ ಅಲರ್ಜಿ ಅಂತ ಇದೇ ಪುಟದಲ್ಲಿ ಹಿಂದೊಮ್ಮೆ ಬರೆದಿದ್ದೆ, ನೆನಪಿದೆಯಲ್ಲ? ಹಳೇ ಹಿಟ್ ಹಾಡುಗಳನ್ನೇ ಸ್ಟೇಜಿನ ಮೇಲೆ ಇನ್ನೊಮ್ಮೆ ಹಾಡೋದು, ನಡುವೆ ಒಂದಿಷ್ಟು ಚಪ್ಪಾಳೆ ಸೇರಿಸೋದು, ಹೊಸ ಕವರ್ ಹೊದಿಸಿ ಮಾರೋದು. ಬೆಳಗ್ಗೆ ಮಿಕ್ಕ ಇಡ್ಲೀನ ಸಂಜೆ ಒಗ್ಗರಣೆ ಹಾಕಿ ಬಡಿಸಿದ ಹಾಗೆ ಅಂತ ಜೋರಾಗಿಯೇ ಗೀಚಿದ್ದೆ.

ಅದಕ್ಕೆ ಓದುಗನೊಬ್ಬ ಒಂದು ಕಾರ್ಡು ಹಾಕಿದ. ಎರಡೇ ಸಾಲು. 'ಸ್ಯಾಮ್ ಕುಕ್ ಹಾರ್ಲೆಮ್ ಸ್ಕ್ವೇರ್ ಕ್ಲಬ್ಬಲ್ಲಿ ಹಾಡಿದ್ದು ಕೇಳಿದ್ದೀರಾ? ಕೇಳಿಲ್ಲಾಂದ್ರೆ ಸುಮ್ನಿರಿ.'

ಕೋಪ ಬಂತು, ಸುಳ್ಳು ಯಾಕೆ ಹೇಳಲಿ. ಹುಡುಕಿಸಿ ತರಿಸಿ ಕೇಳಿದೆ. ಮೂರು ರಾತ್ರಿ ಮಾರಾಯ್ರೇ, ಮೂರು ರಾತ್ರಿ ಅದೊಂದೇ!

ಸ್ಯಾಮ್ ಕುಕ್ ಯಾರು ಅಂತ ಕೇಳೋ ತಮ್ಮಂದಿರಿಗೆ ಚುಟುಕಾಗಿ ಹೇಳ್ತೀನಿ. ಅಮೆರಿಕದ ಮಿಸಿಸಿಪ್ಪಿಯಲ್ಲಿ 1931ರಲ್ಲಿ ಹುಟ್ಟಿದ ಕರಿಯ ಹುಡುಗ, ಪಾದ್ರಿಯ ಮಗ. ಮೊದಲು ಸೋಲ್ ಸ್ಟಿರರ್ಸ್ ಎಂಬ ತಂಡದಲ್ಲಿ ದೇವರ ಹಾಡು. ಆಮೇಲೆ ಸಿನಿಮಾ ಹೀರೋನಂಥ ಮುಖ, ರೇಷ್ಮೆಯಂಥ ದನಿ ಹೊತ್ತುಕೊಂಡು ಪ್ರೇಮಗೀತೆಗೆ ಬಂದ. 1957ರಲ್ಲಿ 'ಯೂ ಸೆಂಡ್ ಮಿ' ನಂಬರ್ ಒನ್. ತಾನೇ ಬರೆಯೋದು, ತಾನೇ ಹಾಡೋದು. ಹಾಡಿನ ಹಕ್ಕನ್ನೂ ತನ್ನ ಕೈಯಲ್ಲೇ ಇಟ್ಟುಕೊಂಡ ಜಾಣ.

ಕಂಪನಿಯವರಿಗೆ ಬೇಕಾಗಿದ್ದು ಆ ರೇಷ್ಮೆ ಮಾತ್ರ. ಬಿಳಿಯರ ಮನೆಯ ಡ್ರಾಯಿಂಗ್ ರೂಮಿನಲ್ಲಿ ಮೆತ್ತಗೆ ಕೇಳಬೇಕು, ಯಾರಿಗೂ ಗಾಬರಿಯಾಗಬಾರದು.

1963ರ ಜನವರಿ 12. ಊರು ಮಯಾಮಿ, ಬಡಾವಣೆ ಓವರ್‌ಟೌನ್. ಕರಿಯರ ಕೇರಿ ಅದು. ಸಮುದ್ರದ ಪಕ್ಕದ ದೊಡ್ಡ ಹೋಟೆಲಿನಲ್ಲಿ ಹಾಡಲು ಕರೀತಿದ್ದರೇ ವಿನಾ ಅಲ್ಲೇ ಮಲಗೋಕೆ ಕರಿಯ ಕಲಾವಿದರಿಗೆ ಕೋಣೆ ಕೊಡದಿದ್ದ ಕಾಲ. ಅವರೆಲ್ಲ ರಾತ್ರಿ ಈ ಕೇರಿಗೇ ಬರಬೇಕು. ಅಲ್ಲಿನ ಹಾರ್ಲೆಮ್ ಸ್ಕ್ವೇರ್ ಕ್ಲಬ್ಬಿನಲ್ಲಿ ತನ್ನ ಜನರ ಮುಂದೆ ನಿಂತಿದ್ದಾನೆ ಕುಕ್. ಪಕ್ಕದಲ್ಲಿ ಸ್ಯಾಕ್ಸೊಫೋನ್ ಹಿಡಿದ ಕಿಂಗ್ ಕರ್ಟಿಸ್. ಮೈಕು ಆನ್.

ಅಬ್ಬಾ! ಇದು ಅದೇ ಗಂಟಲಾ? ರೇಷ್ಮೆ ಹರಿದುಹೋಗಿದೆ! ಒರಟು, ಬೆವರು, ಕೂಗು. 'ಚೈನ್ ಗ್ಯಾಂಗ್' ಇದೆಯಲ್ಲ, ಬೇಡಿ ಹಾಕಿಸಿಕೊಂಡು ರಸ್ತೆ ಕಡಿಯೋ ಕೈದಿಗಳ ಹಾಡು, ಸ್ಟುಡಿಯೋದಲ್ಲಿ ಮುದ್ದಾಗಿತ್ತು. ಇಲ್ಲಿ ಆ ಹೂಂಕಾರವನ್ನು ಜನರೇ ಹಾಕ್ತಾರೆ. 'ಬ್ರಿಂಗ್ ಇಟ್ ಆನ್ ಹೋಮ್ ಟು ಮಿ' ಅಂತೂ ಶುರುವೇ ಮಾಡೋದಿಲ್ಲ ಪುಣ್ಯಾತ್ಮ. ಸಿಟ್ಟು ಮಾಡಿಕೊಂಡು ಹೋದ ಹುಡುಗಿಗೆ ಫೋನ್ ಮಾಡೋ ಕತೆ ಹೇಳ್ತಾ ಹೇಳ್ತಾ ಜನರನ್ನು ಸತಾಯಿಸ್ತಾನೆ. ಅವನ ಅತಿ ದೊಡ್ಡ ಹಿಟ್ 'ಯೂ ಸೆಂಡ್ ಮಿ' ಅಲ್ಲೇ ಒಂದು ಚೂರು ಇಣುಕಿ ಮಾಯ! ಹೆಂಗಸರು ಕಿರುಚ್ತಾರೆ, ಗಂಡಸರು ಉತ್ತರ ಕೊಡ್ತಾರೆ. ನಮ್ಮ ಗಾಂಧಿ ಕ್ಲಾಸಿನಲ್ಲಿ ಮೊದಲ ದಿನ ಮೊದಲ ಆಟ ನೋಡಿದವನಿಗೆ ಈ ಗಲಾಟೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಚರ್ಚಿನಲ್ಲಿ ಕಲಿತ ವಿದ್ಯೆಯನ್ನೆಲ್ಲ ಪ್ರೇಮಕ್ಕೆ ಸುರಿದುಬಿಟ್ಟಿದ್ದಾನೆ.

ಸುಮಾರು 37 ನಿಮಿಷ. ಎಲ್ಲೂ ಉಸಿರು ಬಿಡೋ ಹಾಗಿಲ್ಲ.

ಆರ್‌ಸಿಎ ಕಂಪನಿ ಏನು ಮಾಡಿತು ಗೊತ್ತೇ? ತುಂಬಾ ಒರಟು, ಇಮೇಜಿಗೆ ಧಕ್ಕೆ ಅಂತ ಟೇಪನ್ನು ಕಪಾಟಿಗೆ ಸೇರಿಸಿತು. ಮರುವರ್ಷ ನ್ಯೂಯಾರ್ಕಿನ ಕೋಪಾ ಕ್ಲಬ್ಬಿನಲ್ಲಿ, ಊಟದ ಮೇಜಿನ ಬಿಳಿಯರೆದುರು ಅವನು ನಯವಾಗಿ ಹಾಡಿದ್ದನ್ನು ಮಾತ್ರ ಕೆಲವೇ ತಿಂಗಳಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಕೋಪಾ ರೆಕಾರ್ಡನ್ನು ನಾನು ಬಯ್ಯೋದಿಲ್ಲ, ಅಲ್ಲೂ ಹಾಡಿದ್ದು ಅವನೇ, ಅಲ್ಲಿ ಗೆಲ್ಲಬೇಕು ಅನ್ನೋ ಹಟವೂ ಅವನದೇ. ಆದರೆ ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಒಂದು ಕಡೆ ಅತಿಥಿ, ಇನ್ನೊಂದು ಕಡೆ ಮನೆಮಗ.

1964ರ ಡಿಸೆಂಬರ್ 11ರಂದು ಲಾಸ್ ಏಂಜಲೀಸಿನ ಮೋಟೆಲೊಂದರಲ್ಲಿ ಗುಂಡೇಟಿಗೆ ಸತ್ತ. ವಯಸ್ಸು 33. ಮಯಾಮಿಯ ಟೇಪು ಹೊರಬಂದದ್ದು 1985ರಲ್ಲಿ. ತನ್ನ ಅಸಲಿ ದನಿ ಅಂಗಡಿಗೆ ಬಂದದ್ದನ್ನು ಅವನು ನೋಡಲೇ ಇಲ್ಲ. ಅಷ್ಟರಲ್ಲಿ ಓವರ್‌ಟೌನ್ ಎದೆಯ ಮೇಲೆ ಹೆದ್ದಾರಿ ಹಾದು, ಸಾವಿರಾರು ಜನ ಮನೆ ಬಿಟ್ಟು ಚದುರಿಹೋಗಿದ್ದರು. ಅಂದು ಕುಣಿದು ಕಿರುಚಿದವರ ಸದ್ದು ಮಾತ್ರ ಟೇಪಿನಲ್ಲಿ ಭದ್ರವಾಗಿತ್ತು.

ಕಾರ್ಡು ಬರೆದ ತಮ್ಮಾ, ಸೋತೆ. ಮಳೆಗೆ ನೆನೆದು ನಿನ್ನ ವಿಳಾಸ ಅಳಿಸಿಹೋಗಿದೆ. ಇನ್ನೊಂದು ಕಾರ್ಡು ಹಾಕು. ಈ ಸಲ ಬೈಗುಳದ ಜೊತೆ ಮುಂದೆ ಏನು ಕೇಳಬೇಕು ಅಂತಲೂ ಬರಿ.